ಐದು ಮಂದಿಗೆ ಬಾಗಿದ ಬಂಡಿ

"ಕಾಕಾ, ಕುಂತವರನ್ನ ಬೀಳಸದಂಥ ಫೋರ್ಕು ಯಾವುದೈತ್ರಿ?"

ಮೈಲಾರಿ ಹೀಗೆ ಕೇಳಿದಾಗ ಫಕೀರಪ್ಪ ಕಾಕಾ ಹಾಲಿನವನ ಸೈಕಲ್ಲಿನ ಹಿಂದಿನ ಗಾಲಿಯ ಸೊಟ್ಟ ತೆಗೆಯುತ್ತ ಕೂತಿದ್ದರು. ಗಾಲಿಯನ್ನು ಒಮ್ಮೆ ತಿರುಗಿಸಿದರು. ಕಡ್ಡಿಗಳ ಸದ್ದಿಗೆ ಕಿವಿಗೊಟ್ಟರು. ಆಮೇಲೆ ಹೇಳಿದರು:

"ಅಂಥಾದ್ದು ಒಂದ ಐತಿ. ಗ್ವಾಡಿಗೆ ಆನಿಸಿಟ್ಟ ಸೈಕಲ್ಲಿಂದು."

ಬೇರೆ ದಿನವಾಗಿದ್ದರೆ ಮೈಲಾರಿ ನಗುತ್ತಿದ್ದ. ನಾಲ್ಕು ವರ್ಷ ಈ ಅಂಗಡಿಯಲ್ಲಿ ಕಾಕಾನ ಕೈಕೆಳಗೆ ಪಾನಾ ಹಿಡಿದವನು ಅವನು. ಕೆಲಸ ಎಷ್ಟು ಕಲಿತನೋ ನಗುವುದನ್ನೂ ಅಷ್ಟೇ ಕಲಿತಿದ್ದ. ಈಗ ಗದಗಿನ ಬಸ್ ನಿಲ್ದಾಣದ ಹಿಂದೆ ಅವನದೇ ಒಂದು ಸೈಕಲ್ ಅಂಗಡಿಯಿತ್ತು. ಆದರೂ ಕೈಗೆ ಬಗೆಹರಿಯದ ಕೆಲಸ ಬಂದರೆ ಕಾಕಾನ ಕಟ್ಟೆಗೇ ಬರುತ್ತಿದ್ದ. ಇವತ್ತು ಬಂದಿದ್ದು ತಂಗಿಯ ಸೈಕಲ್ಲು ತಳ್ಳಿಕೊಂಡು.

ತಂಗಿ ದಾನೇಶ್ವರಿ. ಮನೆಯಲ್ಲಿ ದಾನವ್ವ. ಕಪ್ಪತಗುಡ್ಡದ ಕಲ್ಲುಹಾದಿಗಳಲ್ಲಿ ಗುಡ್ಡದ ಸೈಕಲ್ಲು ಓಡಿಸುವವಳು. ಎರಡು ತಿಂಗಳ ಹಿಂದೆ ಒಂದು ಇಳಿಜಾರಿನಲ್ಲಿ ಮುಂದಿನ ಗಾಲಿ ಕಲ್ಲಿಗೆ ತಗುಲಿ ನೆಗೆಯಿತು. ಸೈಕಲ್ಲು ಒಂದು ಕಡೆ ಹೋಯಿತು, ಅವಳು ಒಂದು ಕಡೆ ಹೋದಳು. ಎಡಗಡೆಯ ಕೊರಳೆಲುಬು ಬಿರುಕು ಬಿಟ್ಟಿತು. ಈಗ ಎಲುಬು ಕೂಡಿತ್ತು. ಡಾಕ್ಟರು ಹೂಂ ಅಂದಿದ್ದರು. ಬರುವ ಭಾನುವಾರದ ಓಟಕ್ಕೆ ಅವಳು ಹೆಸರು ಕೊಟ್ಟೂ ಆಗಿತ್ತು.

ಮೈಲಾರಿ ಬೇಡವೆಂದು ಹೇಳಿ ನೋಡಿದ. ದಾನವ್ವ ನಕ್ಕುಬಿಟ್ಟಳು. "ನಿಲ್ಲಸೂ ಕೆಲಸ ಬ್ರೇಕಿಂದು, ಅಣ್ಣಾ. ನಿಂದಲ್ಲ."

ತಂಗಿಯನ್ನು ನಿಲ್ಲಿಸಲು ಆಗದ ಅಣ್ಣನಿಗೆ ಉಳಿದದ್ದು ಒಂದೇ ದಾರಿ. ಅವಳ ಸೈಕಲ್ಲಿನ ಮುಂದಿನ ಗಾಲಿಯನ್ನು ಎರಡು ಕಾಲಿನ ನಡುವೆ ಹಿಡಿದಿರುವ ಫೋರ್ಕನ್ನು ಬದಲಿಸುವುದು. ಕಲ್ಲಿನ ಪೆಟ್ಟು ಮೊದಲು ಬೀಳುವುದು ಅದಕ್ಕೆ. ಅದು ಒತ್ತಿ, ಬಾಗಿ, ಪೆಟ್ಟನ್ನು ನುಂಗಬೇಕು. ಉಳಿದದ್ದಷ್ಟೇ ಕೂತವರ ಕೈಗೆ ಬರಬೇಕು. ಎರಡು ತಿಂಗಳಿಂದ ಮೈಲಾರಿ ಬೇರೇನನ್ನೂ ಓದಿರಲಿಲ್ಲ. ಊಟಕ್ಕೆ ಕೂತಾಗಲೂ ತಟ್ಟೆಯ ಪಕ್ಕದಲ್ಲಿ ಫೋರ್ಕುಗಳ ವಿವರದ ಕಾಗದ ಇರುತ್ತಿತ್ತು.

"ಎರಡು ಆರಿಸೇನ್ರಿ ಕಾಕಾ," ಅಂದ. "ಒಂದು ನೂರಾ ಇಪ್ಪತ್ತು ಮಿಲಿಮೀಟರ್ ಒತ್ತತೈತಿ. ಇನ್ನೊಂದು ನೂರಾ ಅರವತ್ತು. ಮದಲನೇದರ ಕಾಲಿನ ದಪ್ಪ ಮೂವತ್ತನಾಕು, ಎರಡನೇದರದ್ದು ಮೂವತ್ತಾರು."

"ತೂಕ?"

"ಮದಲನೇದ್ದು ಸಾವಿರದ ಎಂಟನೂರಾ ಐವತ್ತು ಗ್ರಾಂ. ಎರಡನೇದ್ದು ಎರಡು ಸಾವಿರದ ಇನ್ನೂರಾ ಎಂಬತ್ತು."

ಕಾಗದ ನೋಡದೆ ಹೇಳಿದ. ಕಾಕಾ ಹುಬ್ಬು ಏರಿಸಿದರು.

"ನಿನ್ನ ಮನಸ್ಸು ಯಾವುದರ ಮ್ಯಾಲೈತಿ?"

"ದಪ್ಪಂದರ ಮ್ಯಾಲೇ. ನೂರಾ ಅರವತ್ತರದ್ದು. ಆನಿ ಹತ್ತಿದ್ರೂ ಜಗ್ಗಬಾರದು."

"ಈ ಸೈಕಲ್ಲಿನ ಚೌಕಟ್ಟು ಮಾಡಿದವರು ನೂರಾ ಇಪ್ಪತ್ತಕ್ಕ ಅಂತ ಮಾಡ್ಯಾರ. ನೂರಾ ಅರವತ್ತು ಹಾಕಿದ್ರ ಮೂತಿ ಮುಗಿಲಿಗೆ ಎತ್ತತೈತಿ. ಏರು ಹತ್ತುವಾಗ ಮುಂದಿನ ಗಾಲಿ ನೆಲಾನ ಹಿಡಿಯಂಗಿಲ್ಲ. ನಿನ್ನ ತಂಗಿ ಗುಡ್ಡಾ ಹತ್ತಬೇಕೋ, ಚುಕ್ಕಿ ಎಣಸಬೇಕೋ?"

ಕಾಕಾ ಹಾಲಿನವನ ಗಾಲಿಯನ್ನು ಬದಿಗಿಟ್ಟು ದಾನವ್ವನ ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಅದರ ಮೇಲಿದ್ದ ಹಳೆಯ ಫೋರ್ಕು ಹೋದ ವರ್ಷ ಮೈಲಾರಿಯೇ ಕೂರಿಸಿದ್ದು. ನೂರು ಮಿಲಿಮೀಟರಿನದು, ಒಳಗೆ ಸ್ಪ್ರಿಂಗಿನ ಬದಲು ಗಾಳಿ ತುಂಬುವಂಥದ್ದು. ಕೂರಿಸಿದ ದಿನ ಮೈಲಾರಿಯೇ ಹತ್ತಿ ಕುಪ್ಪಳಿಸಿ ನೋಡಿದ್ದ. ಅವನು ಕುಸ್ತಿಯ ಮೈಯವನು. ಅಂಗಡಿಯ ಎದುರಿನ ಆಟೋದವರೂ ಒಬ್ಬೊಬ್ಬರಾಗಿ ಹತ್ತಿ ನೋಡಿದ್ದರು. ಎಲ್ಲರೂ ಹೇಳಿದ್ದು ಒಂದೇ ಮಾತು: ಹತ್ತಿ ಹಾಸಿಗೆಯಾಗ ಕುಂತಂಗ ಐತಿ.

"ಹಳೇದು ದಮ್ಮಿಲ್ಲದ್ದು ಕಾಕಾ," ಅಂದ ಮೈಲಾರಿ. "ಸಣ್ಣ ಕಲ್ಲಿಗೂ ಅಂಗೈ ಜೋಮು ಹಿಡಿತಾವ ಅಂತ ದಾನವ್ವ ಆರು ತಿಂಗಳಿಂದ ಅನ್ನಾಕತ್ತಿದ್ಲು. ಅಂದಾಗೊಮ್ಮೆ ಇನ್ನಷ್ಟು ಗಾಳಿ ಹೊಡದು ಗಟ್ಟಿ ಮಾಡಿದೆ. ನೀವ ಕಲಿಸಿದ್ದಲ್ರಿ? ಗಟ್ಟಿ ಗಾಳಿ ಹೊಡಿ, ಕಲ್ಲು ಸೋಲತೈತಿ ಅಂತ. ಆದ್ರೂ ಬಿದ್ಲು."

ಕಾಕಾ ಕಿವಿ ತುರಿಸಿಕೊಂಡರು. ತಮ್ಮದೇ ಪಾಠ ತಮ್ಮ ಬಾಗಿಲಿಗೆ ಬಂದಾಗ ಅವರು ಹಾಗೆ ಮಾಡುತ್ತಿದ್ದರು. ಆ ಪಾಠ ನಲವತ್ತು ಲೀಟರ್ ಹಾಲಿನ ಕ್ಯಾನು ಹೊರುವ ಸೈಕಲ್ಲಿನ ಟೈರಿನದು. ಅದನ್ನು ಆಗ ಬಿಡಿಸಿ ಹೇಳಿರಲಿಲ್ಲ.

ಫೋರ್ಕಿನ ಹೊಳೆಯುವ ಕಾಲಿನ ಮೇಲೆ ಒಂದು ಸಣ್ಣ ರಬ್ಬರ್ ಬಳೆ ಇರುತ್ತದೆ. ಫೋರ್ಕು ಎಷ್ಟು ಒತ್ತುತ್ತದೋ ಆ ಬಳೆ ಅಷ್ಟು ಮೇಲೇರಿ, ಕೈಯಿಂದ ಕೆಳಗೆ ತಳ್ಳುವವರೆಗೆ ಅಲ್ಲೇ ಉಳಿಯುತ್ತದೆ. ಪ್ರತಿ ಸಲ ಹತ್ತುವ ಮುಂಚೆ ದಾನವ್ವ ಅದನ್ನು ಬುಡಕ್ಕೆ ತಳ್ಳುತ್ತಿದ್ದಳು. ದಾನವ್ವ ಬಿದ್ದ ದಿನದಿಂದ ಆ ಸೈಕಲ್ಲನ್ನು ಯಾರೂ ಹತ್ತಿರಲಿಲ್ಲ. ಬಳೆ ಬುಡದಿಂದ ಎರಡೇ ಬೆರಳು ಮೇಲಿತ್ತು. ಅದರ ಮೇಲೆ ಉಳಿದ ಕಾಲೆಲ್ಲ ಕೆಂಪು ದೂಳು. ಕಾಕಾ ಆ ಬಳೆಯನ್ನು ಉಗುರಿನಿಂದ ಮುಟ್ಟಿದರು.

"ನಿಮ್ಮ ಕಾಲದಾಗ ಯಾವ ಫೋರ್ಕು ಹಾಕತಿದ್ರಿ ಕಾಕಾ?" ಮೈಲಾರಿ ಕೇಳಿದ.

"ಫೋರ್ಕು? ನಾ ಹರೇದಾಗ ಕಪ್ಪತಗುಡ್ಡಾ ಇಳಿಯೂ ಮುಂದ ನನ್ನ ಸೈಕಲ್ಲಿಗೆ ಫೋರ್ಕ ಇದ್ದಿಲ್ಲ. ಬರೇ ಹ್ಯಾಂಡಲ್. ಮುಂದಿನ ಗಾಲಿ ಮರ್ಯಾದಿಗೆ ಜೋಡಿ ಬರತಿತ್ತು."

"ಕಲ್ಲು?"

"ಕಲ್ಲು ನನ್ನ ಕಂಡು ತಾವ ಬದಿಗೆ ಸರೀತಿದ್ವು. ಸುಳ್ಳನಸಿದ್ರ ಹೋಗಿ ನೋಡು, ಇವತ್ತಿಗೂ ಆ ರಸ್ತೇದ ಎರಡೂ ಬದಿಗೆ ಕಲ್ಲಿನ ಗುಂಪಿ ಅದಾವ. ಒಮ್ಮೆ ಎಷ್ಟು ಜೋರು ಇಳದಿದ್ದೆ ಅಂದ್ರ, ನಾ ಬಂದು ಚಾ ಕುಡದು ಮಲಗಿ ಎದ್ದ ಮ್ಯಾಲೆ, ಮರುದಿನ ಹತ್ತು ಗಂಟೇಕ್ಕ ನನ್ನ ನೆರಳು ಅಂಗಡಿಗೆ ಬಂತು. ಬಂದು ನೀರು ಕೇಳಿತು."

ಮೈಲಾರಿ ನಗಲಿಲ್ಲ. ಕಾಕಾ ಅವನ ಮುಖ ನೋಡಿದರು. ಇದು ನೆರಳಿನ ಕತೆಯಿಂದ ಹೋಗುವ ಹೆದರಿಕೆಯಲ್ಲ ಅಂತ ಗೊತ್ತಾಯಿತು. ಹಾಲಿನವನ ಗಾಲಿಯನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು.

"ಕುಂದ್ರು. ಒಂದು ಕತಿ ಹೇಳ್ತೀನಿ. ಇದು ಸುಳ್ಳಲ್ಲ."

"ಹಂಗಾರ ಈಗ ಹೇಳಿದ್ದು?"

"ಈಗ ಹೇಳಿದ್ದು ಖರೇ. ಇದು ಸುಳ್ಳಲ್ಲ, ಅಷ್ಟ."

ಕಾಕಾ ಹೇಳಿದ ಕತೆ ಇದು.

ಒಬ್ಬ ಕುಂಬಾರನಿದ್ದ. ಅವನು ಮನೆಯಲ್ಲಿ ಕೂತು ಗಡಿಗೆ ಮಾಡುತ್ತಿದ್ದ. ಅವನ ಹೆಂಡತಿ ಅವನ್ನು ಬಂಡಿಯಲ್ಲಿ ಹೇರಿಕೊಂಡು ಸಂತೆಗೆ ಹೋಗುತ್ತಿದ್ದಳು. ಅವನದು ಒಂದು ಗಾಲಿ, ಅವಳದು ಎರಡು ಗಾಲಿ. ಸಂಸಾರ ಮೂರು ಗಾಲಿಯ ಮೇಲೆ ಚೆನ್ನಾಗಿ ನಡೆದಿತ್ತು.

ಸಂತೆಯ ಹಾದಿ ಕಲ್ಲಿನ ಹಾದಿ. ಒಂದು ದಿನ ಗಾಲಿ ಒಂದು ಕಲ್ಲಿನ ಮೇಲೆ ಹತ್ತಿ ಧೊಪ್ಪೆಂದು ಇಳಿಯಿತು. ಹೆಂಡತಿ ಬಂಡಿಯಿಂದ ಕೆಳಗೆ ಬಿದ್ದಳು. ಹನ್ನೊಂದು ಗಡಿಗೆ ಒಡೆದವು. ಅವಳ ಮುಂಗೈ ಉಳುಕಿತು.

ಕುಂಬಾರ ಗಡಿಗೆಗಳ ಕಡೆ ನೋಡಲಿಲ್ಲ. ಅರಿಸಿನ ಸುಣ್ಣ ಕಲಸಿ ಹೆಂಡತಿಯ ಕೈಗೆ ಪಟ್ಟು ಹಾಕಿದ. ಮರುದಿನ ಬೆಳಗಾಗುತ್ತಲೇ ಕಮ್ಮಾರನ ಮನೆಗೆ ಓಡಿದ.

"ನನ್ನ ಬಂಡಿಯ ತಳಕ್ಕೂ ಅಚ್ಚಿಗೂ ನಡುವೆ ಬಾಗುವ ಉಕ್ಕಿನ ಪಟ್ಟಿ ಹಾಕಿಕೊಡು," ಎಂದ. "ನನ್ನ ಹೆಂಡತಿಗೆ ಹಾದಿಯ ಒಂದು ಕಲ್ಲೂ ತಿಳಿಯಬಾರದು."

ಕಮ್ಮಾರ ಕೇಳಿದ, "ಬಂಡಿಯಲ್ಲಿ ಕೂರುವವರು ಎಷ್ಟು ಮಂದಿ?"

"ಅವಳೊಬ್ಬಳೇ. ಜೊತೆಗೆ ಗಡಿಗೆ, ಹುಲ್ಲು."

"ಹಾಗಾದರೆ ಮೂರು ಪಟ್ಟಿ ಸಾಕು."

"ಗೌಡರ ಜೋಳದ ಬಂಡಿಗೆ ಎಷ್ಟು ಹಾಕಿದ್ದೀ?"

"ಒಂಬತ್ತು."

ಕುಂಬಾರನಿಗೆ ಸಿಟ್ಟು ಬಂತು. "ನನ್ನ ಹೆಂಡತಿ ಗೌಡರ ಜೋಳಕ್ಕಿಂತ ಕಡಿಮೆಯೇ?"

ಕಮ್ಮಾರನಿಗೆ ಕಬ್ಬಿಣವನ್ನು ಬಗ್ಗಿಸುವುದು ಗೊತ್ತಿತ್ತು. ಗಂಡಂದಿರನ್ನು ಬಗ್ಗಿಸುವುದು ಗೊತ್ತಿರಲಿಲ್ಲ. ಒಂಬತ್ತು ಪಟ್ಟಿ ಹಾಕಿಕೊಟ್ಟ.

ಹೊಸ ಬಂಡಿ ಮನೆಯ ಮುಂದೆ ಬಂದು ನಿಂತಿತು. ಹೊಸ ಬಂಡಿ ಬಂದರೆ ಗಂಡಸರು ಹತ್ತಿ ನೋಡುವುದು ಆ ಊರಿನ ರೂಢಿ. ಕುಂಬಾರ ಹತ್ತಿದ. ಅವನ ತಮ್ಮಂದಿರಿಬ್ಬರು ಹತ್ತಿದರು. ಭಾವಮೈದುನ ಹತ್ತಿದ. ಪಕ್ಕದ ಮನೆಯ ನೇಕಾರ, ಕರೆಯದಿದ್ದರೂ, ಹತ್ತಿದ. ಐದು ಮಂದಿ ಕೂತು ಊರು ಸುತ್ತಿ ಬಂದರು. ಕಲ್ಲು ಬಂದಲ್ಲೆಲ್ಲ ಪಟ್ಟಿಗಳು ಹೊಸ ಅಳಿಯ ಅತ್ತೆಮಾವನಿಗೆ ಬಾಗಿದಂತೆ ಬಾಗಿದವು.

"ತೊಟ್ಟಿಲು ಕಣೋ ಇದು," ಎಂದ ನೇಕಾರ. ಎಲ್ಲರೂ ಹೌದು ಎಂದರು.

ಹೆಂಡತಿ ಕೈಗೆ ಪಟ್ಟು ಕಟ್ಟಿಕೊಂಡು ಹೊಸಿಲಲ್ಲಿ ನಿಂತಿದ್ದಳು. "ನಾನೂ ಒಮ್ಮೆ ಕೂತು ನೋಡಲೇ?" ಎಂದಳು.

"ನೀನು ಹೇಗೂ ಸಂತೆಯ ದಿನ ಕೂರುವವಳೇ ಅಲ್ಲವೇ?" ಎಂದ ಕುಂಬಾರ. ಪ್ರೀತಿಯಿಂದಲೇ ಎಂದ.

ಸಂತೆಯ ದಿನ ಬಂತು. ಅವಳು ಒಬ್ಬಳೇ ಕೂತಳು. ಹಿಂದೆ ಹುಲ್ಲಿನಲ್ಲಿ ಗಡಿಗೆ. ಮೊದಲ ಕಲ್ಲು ಸಿಕ್ಕಿತು. ಒಂಬತ್ತು ಪಟ್ಟಿಗಳು ಅವಳ ಭಾರವನ್ನು ಭಾರವೆಂದೇ ಎಣಿಸಲಿಲ್ಲ. ಬಾಗಲೇ ಇಲ್ಲ. ಬಂಡಿ ಕಲ್ಲನ್ನು ನುಂಗುವ ಬದಲು ಕಲ್ಲಿನ ಮೇಲಿಂದ ನೆಗೆಯಿತು. ಅವಳು ಸಂಜೆ ಸೊಂಟ ಹಿಡಿದುಕೊಂಡು ಬಂದಳು.

"ಬಂಡಿ ಗಡುಸಾಗಿದೆ," ಎಂದಳು.

ಕುಂಬಾರ ಯೋಚಿಸಿದ. ಇವಳಿಗೆ ನೋವಾಗಿದೆ. ನೋವಾಗಿದೆ ಎಂದರೆ ರಕ್ಷಣೆ ಸಾಲದು. ಸಾಲದು ಎಂದರೆ ಪಟ್ಟಿ ಕಡಿಮೆ. ಹೋಗಿ ಹನ್ನೊಂದು ಮಾಡಿಸಿಕೊಂಡು ಬಂದ. ಈ ಸಲ ಐದು ಮಂದಿಗೆ ಬಂಡಿ ಬಾಗಲಿಲ್ಲ. ಇನ್ನಿಬ್ಬರನ್ನು ಕರೆದು ಹತ್ತಿಸಿಕೊಂಡ. ಏಳು ಮಂದಿಗೆ ಸೊಗಸಾಗಿ ಬಾಗಿತು. ಕುಂಬಾರನಿಗೆ ಸಮಾಧಾನವಾಯಿತು.

ಮುಂದಿನ ಸಂತೆಯಿಂದ ಅವಳು ಸೊಂಟದ ಜೊತೆ ಕುತ್ತಿಗೆಯನ್ನೂ ಹಿಡಿದುಕೊಂಡು ಬಂದಳು. ಅರ್ಧ ಗಡಿಗೆ ಒಡೆದಿದ್ದವು.

ಕುಂಬಾರ ಹದಿಮೂರು ಪಟ್ಟಿ ಹಾಕಿಸಿದ. ಅದನ್ನು ಬಾಗಿಸಲು ಓಣಿಯ ಗಂಡಸರೆಲ್ಲ ಬೇಕಾದರು. ಅವರೂ ಸಾಲದೆ ಒಂದು ಎಮ್ಮೆಯನ್ನು ಹತ್ತಿಸಿದರು. ಊರು ಒಂದು ಸುತ್ತು ಹಾಕಿದ ಮೇಲೆ ಗಂಡಸರು ಇಳಿದರು. ಎಮ್ಮೆ ಇಳಿಯಲಿಲ್ಲ. ಅದಕ್ಕೆ ಅಷ್ಟು ಸುಖವಾಗಿತ್ತು.

ಇಲ್ಲಿ ಮೈಲಾರಿಗೆ ತಡೆಯಲಾಗಲಿಲ್ಲ. ಎರಡು ತಿಂಗಳಲ್ಲಿ ಮೊದಲ ಸಲ ನಕ್ಕ. "ಎಮ್ಮಿ ಆಮ್ಯಾಲೆ ಇಳೀತೋ ಇಲ್ಲೋ ಕಾಕಾ?"

"ಇಳೀತು. ಆದ್ರ ಅವತ್ತಿನಿಂದ ನಡಕೊಂತ ಮೇಯಾಕ ಹೋಗೂದ ಬಿಟ್ಟಿತು. ನಡುವ ಬಾಯಿ ಹಾಕಬ್ಯಾಡ."

ಮೂರನೆಯ ಸಂತೆಯ ಸಂಜೆ ಕುಂಬಾರ ಊರ ಮುಂದೆ ಬಂದು ಕಾಯುತ್ತ ನಿಂತ. ದೂರದಲ್ಲಿ ಬಂಡಿ ಕಂಡಿತು. ಬಂಡಿಯ ಮೇಲೆ ಹೆಂಡತಿ ಇರಲಿಲ್ಲ. ಓಡಿದ. ನೋಡಿದರೆ ಅವಳು ಎತ್ತಿನ ಹಗ್ಗ ಹಿಡಿದು ಬಂಡಿಯ ಪಕ್ಕದಲ್ಲಿ ನಡೆದು ಬರುತ್ತಿದ್ದಳು. ಸೊಂಟದ ಮೇಲೆ ಒಂದು ಗಡಿಗೆ ಇತ್ತು. ಬಂಡಿಯಲ್ಲಿ ಒಡೆದ ಗಡಿಗೆಗಳ ಬರಿಯ ಬೋಕಿ.

"ಇದೊಂದು ಹೇಗೆ ಉಳಿಯಿತು?" ಎಂದ.

"ಇದನ್ನು ನಾನು ಎತ್ತಿಕೊಂಡು ನಡೆದೆ."

ಕುಂಬಾರನ ಕಣ್ಣಲ್ಲಿ ನೀರು ಬಂತು. "ನಾಳೆಯೇ ಹದಿನೈದು ಪಟ್ಟಿ ಹಾಕಿಸುತ್ತೇನೆ," ಎಂದ.

"ಹಾಕಿಸಿ," ಎಂದಳು ಅವಳು. "ಆದರೆ ಪ್ರತಿ ಸಂತೆಗೂ ಆ ಗಂಡಸರನ್ನೆಲ್ಲ ನನ್ನ ಜೊತೆ ಕಳಿಸಿ. ಎಮ್ಮೆಯನ್ನೂ ಕಳಿಸಿ. ಬಂಡಿ ಬಾಗುವುದು ಅವರಿಗೆ. ನನಗಲ್ಲ."

ಕಾಕಾ ಅಲ್ಲಿಗೆ ನಿಲ್ಲಿಸಿದರು. ಕೈಯಲ್ಲಿದ್ದ ಗಾಲಿಯ ಒಂದು ಕಡ್ಡಿಯನ್ನು ಕಾಲು ಸುತ್ತು ಸಡಿಲ ಮಾಡಿದರು. ತಿರುಗಿಸಿ ನೋಡಿದರು. ಸೊಟ್ಟ ಇನ್ನೂ ಕೂದಲೆಳೆಯಷ್ಟು ಉಳಿದಿತ್ತು.

"ಕುಂಬಾರ ಏನ ಮಾಡಿದ್ರಿ ಆಮ್ಯಾಲೆ?" ಮೈಲಾರಿ ಕೇಳಿದ.

"ಏನ ಮಾಡ್ತಾನ? ಅಲ್ಲೇ ಹಾದ್ಯಾಗ, ಮದಲನೇ ಸಲ, ಆಕಿ ಒಬ್ಬಾಕಿನ್ನ ಬಂಡ್ಯಾಗ ಕುಂದ್ರಿಸಿದ. ತಾನು ಕೆಳಗ ಗಾಲಿ ಹತ್ರ ಕುಂತು ಪಟ್ಟಿ ಕಡೆ ನೋಡಿದ. ಹದಿಮೂರು ಪಟ್ಟಿ, ಒಂದೂ ಮಿಸುಕವಲ್ವು. ಮರುದಿನ ಕಮ್ಮಾರನ ಮುಂದ ನಿಂತು ಒಂದೊಂದ ಪಟ್ಟಿ ಕಳೀತಾ ಬಂದ. ಕಳದಾಗೊಮ್ಮೆ ಆಕೀನ್ನ ಕುಂದ್ರಿಸಿದ. ಹಿಂಗ ಕಳೀತಾ ಕಳೀತಾ, ಆಕಿ ಕುಂತ ಕೂಡಲೇ ಬಂಡಿ ಒಂದು ಬೆರಳು ತಗ್ಗಿತು. ಕಲ್ಲು ಬರೂಕಿಂತ ಮದಲ ತಗ್ಗಿತು. ಆಕಿ ಬಂದು ಕುಂತಾಳ ಅನ್ನೂದು ಬಂಡಿಗೆ ಗೊತ್ತಾತು. ಅಲ್ಲಿಗೆ ಬಿಟ್ಟ."

"ಎಷ್ಟು ಉಳದಿದ್ವು? ಮೂರ?"

"ಎರಡೂವರಿ."

"ಅರ್ಧಾ ಪಟ್ಟಿ ಎಲ್ಲಿಂದ ಬಂತು ಕಾಕಾ?"

"ನಾನ ಕೊಯ್ದು ಕೊಟ್ಟಿದ್ದೆ. ಅಷ್ಟು ನಾಜೂಕಿನ ಕೆಲಸ ಆ ಕಮ್ಮಾರಗ ಎಲ್ಲಿ ಬರಬೇಕು?"

ಮೈಲಾರಿ ಈ ಸಲ ನಗುವುದನ್ನು ಮರೆತಿದ್ದ. ಅವನ ಕಣ್ಣು ಹಳೆಯ ಫೋರ್ಕಿನ ಮೇಲಿತ್ತು. ಎರಡು ಬೆರಳು ಮೇಲೆ ನಿಂತಿದ್ದ ರಬ್ಬರ್ ಬಳೆ. ಅದರ ಮೇಲೆ, ದಾನವ್ವ ಕೂತಾಗ ಒಂದು ದಿನವೂ ಒಳಗೆ ಹೋಗದ, ದೂಳು ತಿಂದ ಕಾಲು. ತಂಗಿ ಅಂಗೈ ಜೋಮು ಎಂದಾಗೊಮ್ಮೆ ತಾನು ಪಂಪು ಹಿಡಿದು ಕೂತದ್ದು ನೆನಪಾಯಿತು. ಅವಳು ಪಕ್ಕದಲ್ಲೇ ನಿಂತಿರುತ್ತಿದ್ದಳು. ತಾನು ಒಮ್ಮೆಯಾದರೂ ಅವಳಿಗೆ ಹತ್ತಿ ಕೂತು ನೋಡು ಅಂದಿರಲಿಲ್ಲ.

ಬಳೆಯನ್ನು ಬೆರಳಿನಿಂದ ಬುಡಕ್ಕೆ ತಳ್ಳಿದ.

"ತಿಳೀತ್ರಿ ಕಾಕಾ. ದಪ್ಪಂದು ಬ್ಯಾಡ. ನೂರಾ ಇಪ್ಪತ್ತರದ್ದು ತರಸ್ತೀನಿ."

"ತರಸು. ಛಲೋ ಐತಿ ಅದು. ಚೌಕಟ್ಟಿಗೂ ಹೊಂದತೈತಿ. ಭಾನುವಾರದೊಳಗ ಬರಲಿಲ್ಲ ಅಂದ್ರ ಇದ ಫೋರ್ಕಿನ ಗಾಳಿ ಇಳಿಸಿ ಕಳಸು. ಇದೇನೂ ಪಾಪ ಮಾಡಿಲ್ಲ."

"ಎಷ್ಟು ಇಳಸ್ಲಿ?" ಮೈಲಾರಿ ಆಗಲೇ ಎದ್ದು ಗೂಟದಿಂದ ಸಣ್ಣ ಪಂಪನ್ನು ತೆಗೆದುಕೊಂಡಿದ್ದ. ಮೈಯಲ್ಲಿ ಮತ್ತೆ ಹುರುಪು ಬಂದಿತ್ತು. ಎಷ್ಟು ಎಂದು ಯಾರಾದರೂ ಒಂದು ಅಂಕಿ ಹೇಳಿದರೆ ಸಾಕು, ಪಂಪಿನ ಮಾಪಕದ ಮುಳ್ಳನ್ನು ಕೂದಲೆಳೆ ಆಚೀಚೆ ಆಗದಂತೆ ಅಲ್ಲಿಗೆ ತರಬಲ್ಲ ಕೈ ಅವನದು.

ಕಾಕಾ ಹಾಲಿನವನ ಗಾಲಿಯನ್ನು ಮತ್ತೆ ಪಕ್ಕಕ್ಕಿಟ್ಟರು. ಹೆಗಲ ಮೇಲಿನ ವಸ್ತ್ರದ ತುದಿಯನ್ನು ನೀರಿನಲ್ಲಿ ಅದ್ದಿ ಫೋರ್ಕಿನ ಕಾಲಿನ ಹಿಂಬದಿಯನ್ನು ಒರೆಸಿದರು. ವರ್ಷದ ಕೆಸರು ಹೋಯಿತು. ಕೆಳಗೆ ಫೋರ್ಕು ಮಾಡಿದವರೇ ಅಂಟಿಸಿದ ಒಂದು ಚೀಟಿ ಇತ್ತು. ಎರಡು ಸಾಲು ಅಂಕಿ. ಬಲಗಡೆ ಎಷ್ಟು ಗಾಳಿ ತುಂಬಬೇಕೆಂದು ಇತ್ತು. ಎಡಗಡೆ ಕೂತವರ ತೂಕ ಇತ್ತು.

ಕಾಕಾ ಎಡಗಡೆಯ ಸಾಲಿನ ಮೇಲೆ ಬೆರಳಿಟ್ಟುಕೊಂಡು ತಲೆ ಎತ್ತಿದರು.

"ದಾನವ್ವ ಎಷ್ಟು ಕಿಲೋ ಅದಾಳ, ತಮ್ಮಾ?"

ಎರಡು ಫೋರ್ಕಿನ ತೂಕ ಗ್ರಾಂವರೆಗೆ ಬಲ್ಲ ಮೈಲಾರಿ ಪಂಪನ್ನು ಮತ್ತೆ ಗೂಟಕ್ಕೆ ಹಾಕಿ, ತಂಗಿಯನ್ನೇ ಕರೆತರಲು ಹೊರಟ.